ಕಲಿಸಲು ಬಂದವರು, ಕಲಿಯದ ನಾವು

ಈಚೆಗೆ ಸಭೆಯೊಂದರಲ್ಲಿ ಹರ್ಮನ್ ಮೋಗ್ಲಿಂಗರ ಪ್ರಸ್ತಾಪ ಬಂದಾಗ ಮಿತ್ರರೊಬ್ಬರು, “ಬಿಡಿ ಸ್ವಾಮಿ, ಆತ ಕನ್ನಡ ಕಲಿತದ್ದು ಮತ ಹರಡಲಿಕ್ಕೆ” ಎಂದು ಮಾತು ಮುಗಿಸಿಬಿಟ್ಟರು.

ನಿಜವೇ. 1836ರಲ್ಲಿ ಜರ್ಮನಿಯಿಂದ ಮಂಗಳೂರಿಗೆ ಬಂದು ಶಾಲೆ ನಡೆಸಿದ ಆ ಪಾದ್ರಿ ಮೇಷ್ಟರು ತಮ್ಮ ಉದ್ದೇಶವನ್ನು ಮುಚ್ಚಿಟ್ಟವರಲ್ಲ. ಆದರೆ ಉಪದೇಶಕ್ಕೆ ಸಂತೆಯ ಕನ್ನಡ ಸಾಲದೆ? ಲಕ್ಷ್ಮೀಶನ ಜೈಮಿನಿ ಭಾರತವನ್ನೂ ದಾಸರ ಪದಗಳನ್ನೂ ಅಚ್ಚು ಹಾಕಿಸುವ ಗೊಡವೆ ಅವರಿಗೇಕೆ? ಎದುರಾಳಿಯನ್ನು ಅರಿಯಲೆಂದು, ಎನ್ನುವಿರಾ? ಖಂಡನೆಗೆ ನಾಲ್ಕು ಸಾಲು ಸಾಕಿತ್ತು. ಅವರು ಪುಸ್ತಕವನ್ನೇ ನಮ್ಮ ಕೈಗಿತ್ತರು. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿ ಕನ್ನಡಕ್ಕೊಂದು ಪತ್ರಿಕೆಯನ್ನೂ ಕೊಟ್ಟರು. ಕಲಿಸಲು ಬಂದವರು ಮೊದಲು ಕಲಿಯಲು ಕುಳಿತರು. ಪರನಾಡಿಗೆ ಹೋದ ಮೇಷ್ಟರ ಮೊದಲ ಪಾಠ ಅದೇ ಅಲ್ಲವೆ?

ಮಿತ್ರರ ಮಾತು ನನ್ನನ್ನು ಚುಚ್ಚಿದ್ದಕ್ಕೆ ಬೇರೆಯೇ ಕಾರಣವುಂಟು. ನಾನೂ ಪರಸ್ಥಳದ ಮೇಷ್ಟರೇ. ಮೈಸೂರು ಕಡೆಯಿಂದ ಮಂಗಳೂರಿಗೆ ಬಂದು ಹದಿನೆಂಟು ವರ್ಷವಾಯಿತು. ನನ್ನ ತರಗತಿಯಲ್ಲಿ ಅರ್ಧಕ್ಕರ್ಧ ಮಕ್ಕಳ ಮನೆಮಾತು ತುಳು. ನನಗೆ ಬರುವ ತುಳು ‘ಎಂಚ ಉಲ್ಲರ್’ ಎಂಬಲ್ಲಿಗೆ ಮುಗಿಯುತ್ತದೆ. ಅದೇ ಬಾಸೆಲ್ ಮಿಶನ್ನಿನ ಮ್ಯಾನರ್ 1886ರಷ್ಟು ಹಿಂದೆಯೇ ತುಳು ನಿಘಂಟು ಪ್ರಕಟಿಸಿದರು. ನಾನದನ್ನು ಈವರೆಗೆ ತೆರೆದು ನೋಡಿಲ್ಲ. ನನ್ನಂಥವರು ಪ್ರತಿ ಊರಿನ ಕಾಲೇಜಿನಲ್ಲೂ ಇದ್ದೇವೆ.

ಪಾದ್ರಿಗಳ ಉದ್ದೇಶವನ್ನು ತೂಗುವವರು ಧಾರಾಳವಾಗಿ ತೂಗಲಿ. ಮತ ಹರಡುವ ಹಂಬಲವಿದ್ದವರು ನಮ್ಮ ನುಡಿ ಕಲಿತರು, ಸರಿ. ಅಂಥ ಹಂಬಲವೇನೂ ಇಲ್ಲದ ನಾವು ನೆರೆಮನೆಯ ನುಡಿಯನ್ನು ಏಕೆ ಕಲಿಯಲಿಲ್ಲ?