ಅವಳ ಅಕ್ಷರ ಬೇಕಿತ್ತು, ಅವಳು ಬೇಡವಾಗಿದ್ದಳು

ಕ್ಲಾಡಿಯಾ ಜೋನ್ಸಳ ಅವ್ವ ನ್ಯೂಯಾರ್ಕಿನ ಬಟ್ಟೆ ಕಾರ್ಖಾನೆಯಲ್ಲಿ, ಹೊಲಿಗೆ ಮಿಷನ್ನಿನ ಮುಂದೆ ಕೂತಲ್ಲೇ ಸತ್ತಳು. ವಯಸ್ಸು 37.

ನನ್ನವ್ವನೂ ಗಾರ್ಮೆಂಟ್ಸಿನವಳೇ. ಉಚ್ಚೆಗೆ ಎದ್ದರೆ ಸೂಪರ್‌ವೈಸರ್ ಬೈತಾನೆ ಅಂತ ದಿನಗಟ್ಟಲೆ ನೀರು ಕುಡಿಯದೆ ದುಡಿದವಳು. ಕ್ಲಾಡಿಯಾಳ ಬದುಕನ್ನು ತಣ್ಣಗೆ ಓದಿ ಮಡಚಿಡಲು ನನ್ನಿಂದಾಗದು.

1915ರಲ್ಲಿ ಟ್ರಿನಿಡಾಡಿನಲ್ಲಿ ಹುಟ್ಟಿ, 1924ರಲ್ಲಿ ಅಮೆರಿಕಕ್ಕೆ ಬಂದ ಕರಿಯ ಹುಡುಗಿ ಕ್ಲಾಡಿಯಾ. ಬಡವರ ಕೇರಿಯ ತೇವದ ಮನೆ ಹದಿಹರೆಯದಲ್ಲೇ ಕ್ಷಯ ಕೊಟ್ಟಿತು. ಅಲಬಾಮಾದಲ್ಲಿ ಒಂಬತ್ತು ಕರಿಯ ಹುಡುಗರ ಮೇಲೆ ಸುಳ್ಳು ಅತ್ಯಾಚಾರದ ಆರೋಪ ಹೊರಿಸಿದಾಗ ಅವರ ಪರ ನಿಂತವರು ಕಮ್ಯುನಿಸ್ಟರು. ಇವಳೂ ಅವರ ಜೊತೆ ಸೇರಿದಳು, ಪತ್ರಿಕೆ ಸಂಪಾದಿಸಿದಳು, ಊರೂರು ಸುತ್ತಿ ಸಂಘಟಿಸಿದಳು. 1949ರಲ್ಲಿ ಪಕ್ಷದ ಪತ್ರಿಕೆಯಲ್ಲೇ ಬರೆದಳು: ಕರಿಯ ಹೆಣ್ಣು ಕಾರ್ಮಿಕಳಾಗಿ, ಕರಿಯಳಾಗಿ, ಹೆಣ್ಣಾಗಿ ಸುಲಿಗೆಗೊಳಗಾಗಿದ್ದಾಳೆ, ಪ್ರಗತಿಪರರೆನ್ನುವ ಬಿಳಿಯರ ಕಣ್ಣಿಗೂ ಅವಳು ಮನೆಗೆಲಸದವಳೇ.

ಆ ಕಣ್ಣು ನನಗೆ ಗೊತ್ತು. ಸಮಾನತೆಯ ಸಮಾವೇಶಕ್ಕೆ ಕರಪತ್ರ ಬರೆದವಳು ನಾನು. ಆ ದಿನ ನನ್ನನ್ನು ವೇದಿಕೆಗೆ ಕರೆಯಲಿಲ್ಲ. "ಚಹಾದ ಕಡೆ ನೋಡ್ಕೊಳ್ಳಮ್ಮ" ಅಂದರು. ಕ್ರಾಂತಿಯ ಬಗ್ಗೆ ಗಂಟೆಗಟ್ಟಲೆ ಮಾತಾಡುವ ಹಿರಿಯರೊಬ್ಬರ ಮನೆಯಲ್ಲಿ ಎಲ್ಲರಿಗೂ ಸ್ಟೀಲ್ ಲೋಟ, ನನಗೆ ಮಾತ್ರ ಪೇಪರ್ ಲೋಟ.

ಜಾತಿ ಬಿಟ್ಟೆವೆಂದು ಹೇಳಿದವರ ಮನೆ ಅದು!

ಅಮೆರಿಕ ಕ್ಲಾಡಿಯಾಳಿಗೆ ಪೌರತ್ವ ಕೊಡಲಿಲ್ಲ, ಜೈಲು ಕೊಟ್ಟಿತು. ಅವಳು ಬರೆದದ್ದೇ ಅಪರಾಧವಾಯಿತು. ಹೃದ್ರೋಗದಿಂದ ಬಳಲುತ್ತಿದ್ದವಳನ್ನು 1955ರ ಡಿಸೆಂಬರಿನಲ್ಲಿ ಹಡಗು ಹತ್ತಿಸಿ ಗಡೀಪಾರು ಮಾಡಿದರು. ಟ್ರಿನಿಡಾಡ್ ಆಳುತ್ತಿದ್ದ ಬ್ರಿಟಿಷ್ ಗವರ್ನರನಿಗೆ ಅವಳು ಬೇಡವಾದಳು. ಹುಟ್ಟಿದ ಮಣ್ಣಿಗೂ ಬಿಡಲಿಲ್ಲ, ಹಾಳಾದವರು. ಲಂಡನ್ನಿಗೆ ಬಂದರೆ ಅಲ್ಲಿನ ಕಮ್ಯುನಿಸ್ಟ್ ಸಂಗಾತಿಗಳೂ ಅವಳ ಯೋಗ್ಯತೆಗೆ ತಕ್ಕ ಜಾಗ ಕೊಡಲಿಲ್ಲ.

ಅವಳು ಯಾರ ಅಪ್ಪಣೆಗೂ ಕಾಯಲಿಲ್ಲ. 1958ರಲ್ಲಿ ಲಂಡನ್ನಿನ ಬ್ರಿಕ್ಸ್‌ಟನ್ನಿನ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ 'ವೆಸ್ಟ್ ಇಂಡಿಯನ್ ಗೆಜೆಟ್' ಪತ್ರಿಕೆ ಶುರು ಮಾಡಿದಳು. ಅದೇ ವರ್ಷ ಅದೇ ನಗರದ ನಾಟಿಂಗ್ ಹಿಲ್‌ನಲ್ಲಿ ಬಿಳಿಯ ಪುಂಡರು ಕರಿಯರನ್ನು ಅಟ್ಟಾಡಿಸಿ ಹೊಡೆದರು. 1959ರ ಜನವರಿಯಲ್ಲಿ ಇವಳು ತನ್ನ ಜನರನ್ನು ಸೇಂಟ್ ಪ್ಯಾಂಕ್ರಾಸ್ ಟೌನ್ ಹಾಲಿಗೆ ಕರೆದು ಹಾಡಿಸಿದಳು, ಕುಣಿಸಿದಳು. ಹೊಡೆತ ತಿಂದವರು ತಲೆಯೆತ್ತಿ ಕುಣಿಯುವುದೂ ರಾಜಕೀಯವೇ.

ಪತ್ರಿಕೆಗೆ ದುಡ್ಡಿಲ್ಲ, ದೇಹದಲ್ಲಿ ಕಸುವಿಲ್ಲ. 1964ರ ಕ್ರಿಸ್‌ಮಸ್ ಹೊತ್ತಿಗೆ ಒಂಟಿಯಾಗಿ ಸತ್ತಳು. ವಯಸ್ಸು 49. 2008ರಲ್ಲಿ ಬ್ರಿಟನ್ ಅವಳ ಮುಖವನ್ನು ಅಂಚೆಚೀಟಿಗೆ ಹಾಕಿತು. ಬದುಕಿದ್ದಾಗ ಸಲ್ಲದವಳು ಸತ್ತ ಮೇಲೆ ಸಲ್ಲುತ್ತಾಳೆಂದರೆ ನನ್ನ ಹೊಟ್ಟೆ ಉರಿಯುತ್ತದೆ.

ಸಂಗಾತಿಗಳೇ, ನನಗೆ ಸತ್ತ ಮೇಲಿನ ಗೌರವ ಬೇಡ. ಮುಂದಿನ ಕರಪತ್ರದ ಕೆಳಗೆ ನನ್ನ ಹೆಸರಿರಬೇಕು, ವೇದಿಕೆಯ ಮೇಲೆ ನನ್ನ ಕುರ್ಚಿಯಿರಬೇಕು. ಇಲ್ಲದಿದ್ದರೆ ನಿಮಗಾಗಿ ಒಂದಕ್ಷರವನ್ನೂ ಬರೆಯುವುದಿಲ್ಲ.