ಫಲಕ ಸಾಲದು, ನೆಲ ಬೇಕು

ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ 1926ರಲ್ಲಿ ತೆರೆದ ಸವಾಯ್ ಬಾಲ್‌ರೂಮ್ ಬರೀ ಮೋಜಿನ ತಾಣವಾಗಿರಲಿಲ್ಲ. ವರ್ಣಭೇದ ಅಮೆರಿಕವನ್ನು ಸೀಳಿದ್ದ ಕಾಲದಲ್ಲಿ ಕಪ್ಪುವರ್ಣೀಯರೂ ಬಿಳಿಯರೂ ಅಲ್ಲಿ ಒಂದೇ ನೆಲದ ಮೇಲೆ ಕುಣಿದರು. ಚಿಕ್ ವೆಬ್ ಅವರ ಜಾಸ್ ವಾದ್ಯವೃಂದಕ್ಕೆ 'ಲಿಂಡಿ ಹಾಪ್' ನರ್ತಕರು ಹೆಜ್ಜೆಯಲ್ಲೇ ಉತ್ತರ ಕೊಡುತ್ತಿದ್ದರು.

1958ರಲ್ಲಿ ಸವಾಯ್ ಮುಚ್ಚಿತು. ವಸತಿ ಸಮುಚ್ಚಯಕ್ಕಾಗಿ ಕಟ್ಟಡವನ್ನು ಕೆಡವಲಾಯಿತು. ಅಲ್ಲಿನ ಮೇರು ನರ್ತಕ ಫ್ರಾಂಕಿ ಮ್ಯಾನಿಂಗ್ ಅಂಚೆ ನೌಕರರಾಗಿ ದಶಕಗಳನ್ನು ಕಳೆದರು. 1980ರ ದಶಕದಲ್ಲಿ ಯುವಜನರು ಅವರನ್ನು ಹುಡುಕಿಕೊಂಡು ಬಂದು ಕಲಿತರು. ಈಗ ಈ ನೃತ್ಯ ಹಲವು ದೇಶಗಳಲ್ಲಿ ಜೀವಂತವಾಗಿದೆ.

ಇದನ್ನು ಪುನರುಜ್ಜೀವನವೆಂದು ಸಂಭ್ರಮಿಸುವವರಿಗೆ ನನ್ನದೊಂದು ಪ್ರಶ್ನೆ: ಅಷ್ಟರೊಳಗೆ ಆ ಹಿರಿಯರು ಕಣ್ಮರೆಯಾಗಿದ್ದರೆ? ಧ್ವನಿಮುದ್ರಿಕೆ ಸಂಗೀತವನ್ನು ಕಾಪಿಡಬಲ್ಲದು. ನರ್ತಕನ ಹೆಜ್ಜೆಗೆ ಓಗೊಡಲಾರದು. ಆ ಸಂವಾದಕ್ಕೆ ವಾದಕರು ಎದುರಿಗಿರಬೇಕು, ಕುಣಿಯಲು ನೆಲವಿರಬೇಕು.

ಸವಾಯ್ ಇದ್ದೆಡೆ 2002ರಲ್ಲಿ ಸ್ಮಾರಕ ಫಲಕವೊಂದು ಬಂತು. ಗೌರವ ಸರಿಯೇ. ಆದರೆ ಕಲೆ ಬದುಕಿರುವಾಗಲೇ ಕೈಗೆಟುಕುವ ಬಾಡಿಗೆಯ ಸಭಾಂಗಣವನ್ನೂ ವಾದಕರಿಗೆ ನ್ಯಾಯವಾದ ಸಂಭಾವನೆಯನ್ನೂ ಒದಗಿಸುವುದೇ ನಗರವೊಂದರ ನಿಜವಾದ ಹೊಣೆ. ಕೆಡವಿದ ಮೇಲೆ ಕೊರಗುವುದು ಸಂಸ್ಕೃತಿಯ ರಕ್ಷಣೆಯಲ್ಲ.