ನೊರೆಯೂ ನೈರ್ಮಲ್ಯವೂ

ತರಕಾರಿ ಹೆಚ್ಚುವ ಪ್ಲಾಸ್ಟಿಕ್ ಮಣೆಗೆ ಅರಿಸಿನದ ಕಲೆ ಹಿಡಿದರೆ, ಅದರ ಮೇಲೆ ಅಡಿಗೆ ಸೋಡವನ್ನು ಉದುರಿಸಿ ವಿನಿಗರ್ ಸುರಿಯಬೇಕೆಂಬ ಸಲಹೆ ಬಹಳ ಪ್ರಚಾರದಲ್ಲಿದೆ. ಬುಸುಬುಸನೆ ಉಕ್ಕುವ ನೊರೆಯನ್ನು ಕಂಡವರು ಕೊಳೆಯೆಲ್ಲ ಕಿತ್ತುಬರುತ್ತಿದೆಯೆಂದು ನಂಬುವುದು ಸಹಜವೇ. ಮನೆಯ ಪದಾರ್ಥಗಳನ್ನು ಬಳಸುವುದಕ್ಕೆ ನಮ್ಮ ಆಕ್ಷೇಪಣೆಯಿಲ್ಲ. ಅವುಗಳ ಗುಣವನ್ನು ಅರಿಯದೆ ಬೆರಸುವುದಕ್ಕೆ ಮಾತ್ರ ಇದೆ.

ಆ ನೊರೆಯಲ್ಲಿ ನಡೆಯುವುದೇನು? ಸೋಡ ಪ್ರತ್ಯಾಮ್ಲ, ವಿನಿಗರ್ ಆಮ್ಲ. ಎರಡೂ ಕೂಡಿದೊಡನೆ ಒಂದರ ಗುಣವನ್ನು ಇನ್ನೊಂದು ಕಳೆಯುತ್ತದೆ. ಕಾರ್ಬನ್ ಡೈ ಆಕ್ಸೈಡ್ ಅನಿಲ ಗುಳ್ಳೆಗಳಾಗಿ ಹಾರಿಹೋಗುತ್ತದೆ; ಉಳಿಯುವುದು ಸೋಡಿಯಂ ಅಸಿಟೇಟ್ ಎಂಬ ಲವಣ ಕರಗಿದ ನೀರು. ಕಲೆ ತೆಗೆಯುವುದರಲ್ಲಿ ಅದು ಬರಿಯ ನೀರಿಗಿಂತ ಹೆಚ್ಚೇನೂ ಅಲ್ಲ. ಸೋಡವೊಂದನ್ನೇ ನೀರಿನಲ್ಲಿ ಕಲಸಿ ತಿಕ್ಕಿದರೆ ಅದರ ಸಣ್ಣ ಕಣಗಳು ಮೇಲಣ ಕೊಳೆಯನ್ನಾದರೂ ಉಜ್ಜಿ ತೆಗೆಯುವುವು.

ಕಲೆಯನ್ನು ಗೆಲ್ಲಬೇಕಾದರೆ ಕಲೆಯ ಸ್ವಭಾವವನ್ನು ತಿಳಿಯತಕ್ಕದ್ದು. ಅರಿಸಿನದ ಹಳದಿಗೆ ಕಾರಣ ಕರ್ಕ್ಯುಮಿನ್ ಎಂಬ ವಸ್ತು. ಅದು ನೀರಿನಲ್ಲಿ ಕರಗುವುದಿಲ್ಲವೆಂದೇ ಹೇಳಬಹುದು, ಎಣ್ಣೆಯಲ್ಲಿ ಕರಗುತ್ತದೆ. ಆದ್ದರಿಂದ ಮೊದಲು ಸ್ವಲ್ಪ ಅಡಿಗೆ ಎಣ್ಣೆಯನ್ನು ಸವರಿ ಒರಸಿ, ಆಮೇಲೆ ಸಾಬೂನಿನಿಂದ ತೊಳೆಯುವುದು ಯುಕ್ತ. ಸಾಬೂನು ತಗುಲಿ ಕಲೆ ಕೆಂಪಾದರೆ ಗಾಬರಿಪಡಬೇಕಾಗಿಲ್ಲ. ಅರಿಸಿನದ ನೀರಿಗೆ ಸುಣ್ಣ ಸೇರಿಸಿ ಓಕುಳಿ ಮಾಡುವಾಗ ಆಗುವುದೂ ಇದೇ. ನಿಂಬೆಯ ರಸ ಆ ಕೆಂಪನ್ನು ಮತ್ತೆ ಹಳದಿಗೆ ತಿರುಗಿಸುವುದೇ ಹೊರತು ಬಣ್ಣವನ್ನು ತೆಗೆಯುವುದಿಲ್ಲ. ಅಷ್ಟಕ್ಕೂ ಉಳಿದ ಕಲೆಗೆ ಬಿಸಿಲೇ ಮದ್ದು. ಬೆಳಕು ಕರ್ಕ್ಯುಮಿನ್ ಅಣುವನ್ನು ಒಡೆದು ಬಣ್ಣಗೆಡಿಸುತ್ತದೆ. ಕಾಸಿನ ಖರ್ಚಿಲ್ಲದ ಈ ಉಪಾಯವನ್ನು ಬಿಟ್ಟು ನೊರೆಗೆ ಮರುಳಾಗುವುದೇಕೆ?

ಇದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಬೆಳ್ಳಗಿರುವುದೆಲ್ಲ ಶುಚಿಯಲ್ಲ. ಕಲೆ ಕಣ್ಣಿಗೆ ಕಾಣುತ್ತದೆ, ಆದರೆ ರೋಗ ತರುವುದಿಲ್ಲ. ರೋಗ ತರುವ ಬ್ಯಾಕ್ಟೀರಿಯ ಕಾಣುವುದಿಲ್ಲ. ಹೊಸ ಪ್ಲಾಸ್ಟಿಕ್ ಮಣೆಯನ್ನು ಶುದ್ಧಿಮಾಡುವುದು ಸುಲಭ. ಚಾಕುವಿನ ಗೀರುಗಳು ತುಂಬಿ ಕೋಳಿಯ ಕೊಬ್ಬು ಮೆತ್ತಿದ ಹಳೆಯ ಮಣೆಯನ್ನು ಕೈಯಿಂದ ತೊಳೆದು ಶುದ್ಧಿಮಾಡುವುದು ಬಹು ಕಷ್ಟವೆಂದು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು 1994ರಲ್ಲಿ ಪ್ರಕಟಿಸಿದ ಪ್ರಯೋಗಗಳು ತೋರಿಸಿವೆ. ಹಸಿಮಾಂಸಕ್ಕೆ ಬೇರೆ ಮಣೆಯಿರಲಿ; ತೊಳೆದದ್ದು ಚೆನ್ನಾಗಿ ಒಣಗಲಿ; ಆಳವಾಗಿ ಗೀರುಬಿದ್ದದ್ದನ್ನು ಎಸೆಯುವುದೇ ಲೇಸು.

ಬೆರಸುವ ಚಪಲ ಕೆಲವೊಮ್ಮೆ ಪ್ರಾಣಾಂತಿಕವೂ ಆದೀತು. ಮನೆಯಲ್ಲಿ ಬಳಸುವ ಬ್ಲೀಚಿಗೆ ವಿನಿಗರ್ ಇಲ್ಲವೆ ನಿಂಬೆಯ ರಸ ಸೇರಿದರೆ ಕ್ಲೋರಿನ್ ಅನಿಲ ಹೊರಡುತ್ತದೆ. 1915ರಲ್ಲಿ ಬೆಲ್ಜಿಯಂನ ಈಪ್ರ ರಣಭೂಮಿಯಲ್ಲಿ ಸೈನಿಕರ ಮೇಲೆ ಬಿಟ್ಟ ವಿಷಾನಿಲವೂ ಇದೇ. ಇಕ್ಕಟ್ಟಾದ ಅಡಿಗೆಮನೆಯಲ್ಲಿ ಈ ಪ್ರಯೋಗ ಎಂದಿಗೂ ಕೂಡದು.

ರಸಾಯನಶಾಸ್ತ್ರವನ್ನು ಓದುವ ವಿದ್ಯಾರ್ಥಿಗಳು ಆಮ್ಲ, ಪ್ರತ್ಯಾಮ್ಲಗಳನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿ ಮರೆತರೆ ಸಾಲದು. ಈ ಪದಾರ್ಥ ಏನು ಮಾಡುತ್ತದೆ, ಅದರೊಡನೆ ಇನ್ನೊಂದು ಕೂಡಿದರೆ ಏನಾಗುತ್ತದೆ ಎಂದು ಕೇಳುವ ಅಭ್ಯಾಸ ಅಡಿಗೆಮನೆಯಲ್ಲಿಯೂ ಬೆಳೆಯಲಿ. ವಿಜ್ಞಾನದ ಓದು ಸಾರ್ಥಕವಾಗುವುದು ಅಲ್ಲಿಯೇ ಎಂದು ನಾವು ನಂಬುತ್ತೇವೆ.